ಆರು ಪುಟ ತೆಗೆಯಿರಿ, ಸಿಮೆಂಟಿನ ಹೆಜ್ಜೆಗಳಿಂದ ಶುರುಮಾಡಿ

ನಮಸ್ಕಾರ.

ಗಾಂಧಿ ಹತ್ಯೆಯ ವಿಷಯ ನಿಮ್ಮನ್ನು ಹೇಗೆ ಹಿಡಿದುಕೊಂಡಿತು ಎಂದು ಬರೆದ ಪ್ರಬಂಧವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಆದರೆ ಹದಿನಾಲ್ಕು ಪುಟಗಳಲ್ಲಿ ಮೂರು ಬಹಳ ಚೆನ್ನಾಗಿವೆ. ಅದಕ್ಕೇ ಇಷ್ಟು ಉದ್ದದ ಉತ್ತರ.

ಮೊದಲ ಆರು ಪುಟ ತೆಗೆದುಬಿಡಿ. ಪೋರಬಂದರಿನಿಂದ ದಂಡಿಯವರೆಗಿನ ಕಥೆ ಶಾಲೆಯ ಪುಸ್ತಕದಲ್ಲೇ ಇದೆ. ನಿಮ್ಮ ಪ್ರಬಂಧ ಹುಟ್ಟುವುದು ಏಳನೇ ಪುಟದಲ್ಲಿ. ಕಾಲೇಜು ಪ್ರವಾಸದಲ್ಲಿ ದೆಹಲಿಯ ಗಾಂಧಿ ಸ್ಮೃತಿಗೆ, ಅಂದರೆ ಹಿಂದಿನ ಬಿರ್ಲಾ ಭವನಕ್ಕೆ ಹೋಗಿದ್ದೀರಿ. ಗಾಂಧಿಯವರ ಕೋಣೆಯಿಂದ ಪ್ರಾರ್ಥನೆಯ ಜಾಗದ ಕಡೆಗೆ ಸಿಮೆಂಟಿನಲ್ಲಿ ಮೂಡಿಸಿಟ್ಟ ಹೆಜ್ಜೆಗಳ ಪಕ್ಕದಲ್ಲೇ ನಡೆದಿದ್ದೀರಿ. ಗೆಳತಿಯರು ಬಸ್ ಹತ್ತಿದರೂ ನೀವು ಕೊನೆಯ ಹೆಜ್ಜೆಯ ಹತ್ತಿರ ನಿಂತಿದ್ದಿರಿ. ‘ಯಾಕಿಲ್ಲ ಅಂತ ಗೊತ್ತಿದ್ದರೂ ಮುಂದಿನ ಹೆಜ್ಜೆ ಹುಡುಕಿದೆ’ ಎಂದು ಬರೆದಿದ್ದೀರಿ. ಈ ಸಾಲಿಗೆ ಕೈ ಹಚ್ಚಬೇಡಿ.

ಮರುಸಾಲಿನಲ್ಲೇ ‘ಅಂದಿನಿಂದ ನನಗೆ ಅಪಾರ ಆಸಕ್ತಿ ಹುಟ್ಟಿತು’ ಎಂದು ಕಟ್ಟಿದ್ದನ್ನೆಲ್ಲ ಕೆಡವಿದ್ದೀರಿ. ಆಸಕ್ತಿ ಬೆಳೆದದ್ದನ್ನು ಕಾಣಿಸಬೇಕಾದರೆ ನಿಮ್ಮ ಪ್ರಶ್ನೆ ಹೇಗೆ ಬದಲಾಯಿತು ಎಂದು ಬರೆಯಿರಿ. ಮೊದಲು ಎಲ್ಲರೂ ಕೇಳುವುದು ಯಾರು, ಎಷ್ಟು ಹೊತ್ತಿಗೆ ಎಂದು. ಪಟೇಲರ ಜೊತೆ ಮಾತು ಮುಗಿಯದೆ 5 ಗಂಟೆಯ ಪ್ರಾರ್ಥನೆಗೆ ತಡವಾಯಿತು, 5.17ಕ್ಕೆ ಮೂರು ಗುಂಡು. ಇದು ಒಂದು ಸಂಜೆಯ ಓದಿಗೆ ಮುಗಿಯುತ್ತದೆ. ಗೀಳು ಹಿಡಿಯುವುದು ಎರಡನೇ ಪ್ರಶ್ನೆಯಿಂದ: ಯಾಕೆ ತಡೆಯಲಾಗಲಿಲ್ಲ? 1948ರ ಜನವರಿ 20ರಂದು ಅದೇ ಅಂಗಳದಲ್ಲಿ ಸ್ಫೋಟವಾಗಿ ಮದನ್‌ಲಾಲ್ ಪಹ್ವಾ ಸ್ಥಳದಲ್ಲೇ ಸಿಕ್ಕಿಬಿದ್ದ. ಮರಾಠಿ ಪತ್ರಿಕೆಯ ಸಂಪಾದಕನೊಬ್ಬನ ವಿಷಯ ಪೊಲೀಸರ ಮುಂದೆ ಎತ್ತಿದ್ದ. ಮದನ್‌ಲಾಲನ ಬಾಯಿಂದಲೇ ಸಂಚಿನ ಮಾತು ಕೇಳಿದ್ದ ಪ್ರೊಫೆಸರ್ ಜೈನ್, ಮರುದಿನವೇ ಮುಂಬೈ ಸರ್ಕಾರದವರಿಗೆ ತಿಳಿಸಿದರು. ಹತ್ತು ದಿನ ಕಳೆದು, ಅದೇ ಗುಂಪಿನ, ಆ ಪತ್ರಿಕೆಯ ಸಂಪಾದಕನೇ ಆದ ಗೋಡ್ಸೆ ಪಿಸ್ತೂಲು ಇಟ್ಟುಕೊಂಡು ಅಲ್ಲಿಗೇ ಬಂದ. ಈ ಹತ್ತು ದಿನಗಳಿಗೆ ನೀವು ಕೊಟ್ಟಿರುವುದು ನಾಲ್ಕು ಸಾಲು. ಐದು ಪುಟವಾದರೂ ಬೇಕು. ಈ ಕೊಲೆಯ ಸಂಚನ್ನು ವಿಚಾರಿಸಿದ ಕಪೂರ್ ಆಯೋಗದ 1969ರ ವರದಿಯನ್ನು ತಾಳ್ಮೆಯಿಂದ ಓದಿ, ಯಾವ ಮಾಹಿತಿ ಯಾರ ಮೇಜಿನ ಮೇಲೆ ನಿಂತಿತು ಎಂದು ದಿನವಾರು ಬರೆದುಕೊಳ್ಳಿ.

ತಪ್ಪುಗಳ ಮಾತಿಗೆ ಬರೋಣ. ಒಂದೆಡೆ ಪಿಸ್ತೂಲು, ಇನ್ನೊಂದೆಡೆ ರಿವಾಲ್ವರ್ ಎಂದಿದ್ದೀರಿ. ಅದು ಬೆರೆಟ್ಟಾ ಪಿಸ್ತೂಲು. ಪಿಸ್ತೂಲು ಹಾರಿಸಿದಾಗಲೆಲ್ಲ ಖಾಲಿ ತೋಟೆ ಹೊರಗೆ ಚಿಮ್ಮುತ್ತದೆ, ರಿವಾಲ್ವರಿನಲ್ಲಿ ಒಳಗೇ ಉಳಿಯುತ್ತದೆ. ಸ್ಥಳದಲ್ಲಿ ಸಿಗುವ ಸಾಕ್ಷ್ಯವೇ ಇದರಿಂದ ಬದಲಾಗುತ್ತದೆ. ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು ಎಂದೂ ಬರೆದಿದ್ದೀರಿ. ಆಗ ಸುಪ್ರೀಂ ಕೋರ್ಟ್ ಇರಲೇ ಇಲ್ಲ. ಮೇಲ್ಮನವಿ ನಡೆದದ್ದು ಶಿಮ್ಲಾದಲ್ಲಿ, ಪೂರ್ವ ಪಂಜಾಬ್ ಹೈಕೋರ್ಟಿನ ಮುಂದೆ. ಅಂಬಾಲಾ ಜೈಲಿನಲ್ಲಿ ಗೋಡ್ಸೆಗೆ ಗಲ್ಲಾದದ್ದು 1949ರ ನವೆಂಬರ್ 15ಕ್ಕೆ.

‘ಹೇ ರಾಮ್’ ಬಗ್ಗೆ ಇನ್ನೂ ಎಚ್ಚರ ಬೇಕು. ಆಪ್ತ ಕಾರ್ಯದರ್ಶಿ ಕಲ್ಯಾಣಂ ‘ಗಾಂಧಿ ಹಾಗೆ ಹೇಳಲೇ ಇಲ್ಲ’ ಎಂದರೆಂದು ಬರೆದಿದ್ದೀರಿ. ತಮಗೆ ಕೇಳಿಸಲಿಲ್ಲ ಎಂದಷ್ಟೇ ಹೇಳಿದ್ದಾಗಿ ಅವರೇ ನಂತರ ಸ್ಪಷ್ಟಪಡಿಸಿದ್ದಾರೆ. ಪಕ್ಕದಲ್ಲೇ ಇದ್ದ, ಗಾಂಧಿಯವರಿಗೆ ಮೊಮ್ಮಗಳ ವರಸೆಯ ಮನು ಕೇಳಿಸಿತು ಎಂದಿದ್ದಾರೆ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಮಾಡಿ: ಏನು ಹೇಳಿದರು, ಯಾರು ಹೇಳಿದರು, ಯಾವಾಗ ಹೇಳಿದರು. ಅಂದಿನ ಸಂಜೆಯ ಎಫ್‌ಐಆರ್, ಕೆಂಪುಕೋಟೆಯ ವಿಚಾರಣೆಯ ಸಾಕ್ಷ್ಯ, ಹಲವು ದಶಕಗಳ ಮೇಲಿನ ನೆನಪು, ಇವಕ್ಕೆಲ್ಲ ಒಂದೇ ತೂಕವಿಲ್ಲ. ಮೂರನೇ ಕಾಲಂ ಖಾಲಿಯಿದ್ದರೆ ಆ ಸಾಲನ್ನು ಪ್ರಬಂಧಕ್ಕೆ ತರಬೇಡಿ.

ನಮಗೆ ನಿಜವಾಗಿ ನೋವಾದದ್ದು ಹತ್ತನೇ ಪುಟ. ಗೋಡ್ಸೆಯ ಕೋರ್ಟ್ ಹೇಳಿಕೆಯನ್ನು ಎರಡು ಪುಟ ಹಾಗೇ ಇಳಿಸಿ, ಪ್ರತಿಯಾಗಿ ಒಂದು ಮಾತೂ ಆಡಿಲ್ಲ. ಕೊಲೆಯ ಬೆನ್ನು ಹತ್ತಿದವರು ಎಡವುವುದು ಇಲ್ಲೇ, ಏಕೆಂದರೆ ಉದ್ದಕ್ಕೆ ಮಾತಾಡಲು ಉಳಿದವನು ಕೊಂದವನು. ತಾನೊಬ್ಬನೇ ಮಾಡಿದೆ ಎಂದು ಅವನು ಹೇಳಿದ, ಸಂಚು ನಡೆದಿತ್ತೆಂದು ನ್ಯಾಯಾಲಯ ತೀರ್ಮಾನಿಸಿತು. ಪಾಕಿಸ್ತಾನಕ್ಕೆ ಕೊಡಬೇಕಿದ್ದ 55 ಕೋಟಿ ರೂಪಾಯಿಯ ಮಾತನ್ನು ಅವನು ಎತ್ತಿದ. ಆದರೆ ಪುಣೆಯಲ್ಲಿ ಗಾಂಧಿಯವರ ಮೇಲೆ ಬಾಂಬ್ ದಾಳಿಯಾದದ್ದು 1934ರಲ್ಲಿ, ಆಗ ಆ 55 ಕೋಟಿಯ ಪ್ರಶ್ನೆಯೇ ಇರಲಿಲ್ಲ. ಹೇಳಿಕೆಯ ಪಕ್ಕದಲ್ಲಿ ಇವನ್ನೂ ಇಡಿ.

ಕೊನೆಯದಾಗಿ, ಹತ್ಯೆಯಾದಾಗ ಹನ್ನೆರಡು ವರ್ಷದ ಹುಡುಗನಾಗಿದ್ದ ನಿಮ್ಮ ಅಜ್ಜ ಮರುದಿನ ಬೆಳಿಗ್ಗೆ ‘ಪ್ರಜಾವಾಣಿ’ಯಲ್ಲಿ ಸುದ್ದಿ ಓದಿ ಊಟ ಬಿಟ್ಟರು ಎಂದಿದ್ದೀರಿ. ಆ ಪತ್ರಿಕೆ ಶುರುವಾದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಅಜ್ಜ ಸುಳ್ಳು ಹೇಳಿಲ್ಲ, ಮುಂದೆ ದಿನಾ ಓದಿದ ಪತ್ರಿಕೆ ನೆನಪಿನಲ್ಲಿ ಹಿಂದಕ್ಕೆ ಸರಿದಿದೆ. ಇದನ್ನು ಮುಚ್ಚಬೇಡಿ, ಇದ್ದ ಹಾಗೆ ಬರೆಯಿರಿ. ಸುದ್ದಿ ಕಿವಿಗೆ ಬಿದ್ದದ್ದು ಯಾರ ಮನೆಯ ರೇಡಿಯೊದಿಂದ, ಅಂದು ಒಲೆ ಹಚ್ಚಿದ್ದರೇ ಎಂದು ಅವರನ್ನೇ ಕೇಳಿ. ಉತ್ತರ ಸಿಕ್ಕ ಮೇಲೆ ಹದಿನಾಲ್ಕನ್ನು ಒಂಬತ್ತು ಪುಟಕ್ಕೆ ಇಳಿಸಿ ಮತ್ತೆ ಕಳಿಸಿ. ಕಾಯುತ್ತೇವೆ.

— ಸಂಪಾದಕ ಬಳಗ