ಪ್ರಭೇದದ ಗೆರೆ ಎಳೆಯುವವರು ಯಾರು?

ಮಾನ್ಯರೇ,

ಆಫ್ರಿಕಾದ ಆನೆಗಳೆಲ್ಲ ಒಂದೇ ಪ್ರಭೇದವೆಂದು ಓದಿಕೊಂಡು ಬಂದ ತಮಗೆ, ಕಳೆದ ಸಂಚಿಕೆಯಲ್ಲಿ ನಾವು ಎರಡು ಪ್ರಭೇದಗಳೆಂದು ಬರೆದದ್ದು ಸರಿಬಂದಿಲ್ಲ. ‘ಆನೆ ಬದಲಾಗಲಿಲ್ಲ, ನೋಡುವವರು ಬದಲಾದರು, ಹಾಗಿದ್ದಮೇಲೆ ವರ್ಗೀಕರಣವೆಂಬುದು ವಿಜ್ಞಾನಿಗಳು ತಮ್ಮ ಅನುಕೂಲಕ್ಕೆ ಮಾಡಿಕೊಂಡ ಒಪ್ಪಂದವಲ್ಲದೆ ಮತ್ತೇನು?’ ಎಂದು ಕೇಳಿದ್ದೀರಿ. ಈ ಮಾತಿನ ಅರ್ಧವನ್ನು ನಾನು ಮನಸಾರೆ ಒಪ್ಪುತ್ತೇನೆ.

ಉತ್ತರ ಕನ್ನಡದ ಕತ್ತಲೆಕಾನಿನ ತೊರೆಗಳಲ್ಲಿರುವ ಕುಂಬಾರ ಕಪ್ಪೆಯನ್ನೇ ನೋಡಿ. ರಾತ್ರಿಯ ಹೊತ್ತು ಹೆಣ್ಣು ಮುಂಗಾಲೂರಿ ತಲೆಕೆಳಗಾಗಿ ನಿಂತು, ನೀರಿನಿಂದ ಮೇಲಿರುವ ಕಡ್ಡಿಗೆ ಮೊಟ್ಟೆ ಅಂಟಿಸುತ್ತದೆ. ಆಮೇಲೆ ಗಂಡು ತೊರೆಯ ತಳದ ಕೆಸರನ್ನು ಮುಂಗೈಗಳಿಂದ ಬಾಚಿ ತಂದು ಆ ಮೊಟ್ಟೆಗಳಿಗೆ ಮೆತ್ತುತ್ತದೆ. ಅದೇ ಕಪ್ಪೆಯನ್ನು ಹಿಡಿದು ಗಾಜಿನ ಜಾಡಿಯಲ್ಲಿಟ್ಟರೆ ಈ ಕುಂಬಾರಿಕೆಯ ಸುಳಿವೂ ಸಿಗದು. ಇರುಳಿನಲ್ಲಿ ತೊರೆಯ ಬದಿಗೆ ಹೋಗಿ ಕಾದು ಕೂತವರಿಗೆ ಮಾತ್ರ ಕಾಣುವ ಗುಣ ಅದು. ಯಾವಾಗ ನೋಡಬೇಕು, ಎಲ್ಲಿ ನೋಡಬೇಕು, ಕಂಡದ್ದರಲ್ಲಿ ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದನ್ನೆಲ್ಲ ತೀರ್ಮಾನಿಸುವವರು ಮನುಷ್ಯರೇ. ಇಲ್ಲಿಯವರೆಗೆ ತಮ್ಮ ಮಾತು ನಿಜ.

ಆದರೆ 2014ರಲ್ಲಿ ಈ ಕಪ್ಪೆಗೆ ನಿಕ್ಟಿಬಟ್ರಾಕಸ್ ಕುಂಬಾರ ಎಂಬ ಹೆಸರು ಬಂದದ್ದು ಕೆಸರು ಮೆತ್ತುವ ಬೆರಗಿನಿಂದಷ್ಟೇ ಅಲ್ಲ. ದೇಹಲಕ್ಷಣಗಳನ್ನು ಹೋಲಿಸಿದರು, ಡಿಎನ್‌ಎ ಪರೀಕ್ಷಿಸಿದರು. ಅದರ ಡಿಎನ್‌ಎ ಮೊದಲೇ ಹೆಸರಿದ್ದ ಯಾವುದೋ ಕಪ್ಪೆಯದಕ್ಕೆ ಹೊಂದಿಬಿಡಬಹುದಿತ್ತು; ಹಾಗಾಗಿದ್ದರೆ ಹೊಸ ಹೆಸರಿನ ಆಸೆಯನ್ನು ಕೈಬಿಡಬೇಕಾಗುತ್ತಿತ್ತು. ಪ್ರಶ್ನೆಯನ್ನು ಆರಿಸುವವರು ನಾವು, ಉತ್ತರ ಮಾತ್ರ ನಮ್ಮ ಹಿಡಿತದಲ್ಲಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಪರೀಕ್ಷೆಗಳು ಒಂದೇ ಕಡೆ ಗೆರೆ ಎಳೆದಾಗ ಅದನ್ನು ಬರಿಯ ಒಪ್ಪಂದವೆನ್ನಲು ನನಗೆ ಸಾಧ್ಯವಾಗುವುದಿಲ್ಲ. 1859ರಷ್ಟು ಹಿಂದೆಯೇ ಡಾರ್ವಿನ್, ‘ಆನ್ ದಿ ಆರಿಜಿನ್ ಆಫ್ ಸ್ಪೀಶೀಸ್’ ಗ್ರಂಥದಲ್ಲಿ, ಪ್ರಭೇದವೆಂಬ ಪದವನ್ನು ಅನುಕೂಲಕ್ಕಾಗಿ ಕೊಟ್ಟದ್ದೆಂದು ಭಾವಿಸಿದ್ದರು. ಅದೇ ಗ್ರಂಥದಲ್ಲಿ, ನಿಜವಾದ ವರ್ಗೀಕರಣ ವಂಶಾವಳಿಯನ್ನು ಅನುಸರಿಸುತ್ತದೆಂದೂ ವಾದಿಸಿದರು. ಈ ಎರಡು ಮಾತುಗಳನ್ನೂ ಜೊತೆಯಲ್ಲೇ ಇಟ್ಟುಕೊಳ್ಳಬೇಕೆಂಬುದು ನನ್ನ ನಿಲುವು.

ಇನ್ನು ಆನೆಗಳ ವಿಷಯ. ನಾವು ಬರೆದ ಎರಡು ಪ್ರಭೇದಗಳೆಂದರೆ ಆಫ್ರಿಕಾದ ದಟ್ಟ ಕಾಡಿನಲ್ಲಿರುವ ಆನೆ (ಇಲ್ಲಿ ಕಾಡಾನೆ ಎಂದದ್ದು ಅದನ್ನೇ) ಮತ್ತು ಹುಲ್ಲುಗಾವಲಿನ ಆನೆ. ಕಾಡಾನೆಯ ದಂತ ಹೆಚ್ಚು ನೇರವಾಗಿ ಕೆಳಮುಖವಾಗಿರುತ್ತದೆ, ಕಿವಿ ಹೆಚ್ಚು ದುಂಡಗಿರುತ್ತದೆ. 2001ರಲ್ಲಿ ಪ್ರಕಟವಾದ ತಳಿವೈಜ್ಞಾನಿಕ ಅಧ್ಯಯನ ಅದಕ್ಕೂ ಹುಲ್ಲುಗಾವಲಿನ ಆನೆಗೂ ಇರುವ ಆಳವಾದ ಅಂತರವನ್ನು ತೋರಿಸಿತು. ಆದರೂ ಕಾಡೂ ಹುಲ್ಲುಗಾವಲೂ ಸೇರುವ ಕೆಲವು ಕಡೆ ಇವೆರಡೂ ಕೂಡಿ ಮರಿ ಹಾಕುತ್ತವೆ. ತಮ್ಮೊಳಗೆ ಕೂಡಿ ಸಂತಾನ ಪಡೆಯುವ, ಬೇರೆ ಗುಂಪುಗಳೊಡನೆ ಹಾಗೆ ಕೂಡದ ಜೀವಿಗಳ ಗುಂಪೇ ಪ್ರಭೇದ ಎಂದು 1942ರಲ್ಲಿ ಜೀವವಿಜ್ಞಾನಿ ಅರ್ನ್‌ಸ್ಟ್ ಮೇಯರ್ ಕೊಟ್ಟ ವ್ಯಾಖ್ಯೆಯನ್ನು ಬಿಗಿಯಾಗಿ ಹಿಡಿದವರು ಇಲ್ಲಿ ತಡವರಿಸುತ್ತಾರೆ. ಬೇರೆಬೇರೆಯಾಗಿ ಸಾಗಿಬಂದ ದೀರ್ಘ ಚರಿತ್ರೆಗೆ ಬೆಲೆ ಕೊಡುವವರು ಎರಡು ಎನ್ನುತ್ತಾರೆ. ಈ ಆಯ್ಕೆಯಲ್ಲಿ ನೋಡುವವರ ಪಾಲು ಇದ್ದೇ ಇದೆ, ಅದನ್ನು ಮುಚ್ಚಿಡಬೇಕಾದದ್ದೂ ಇಲ್ಲ.

ಆಯ್ಕೆ ಮಾಡಿದವರ ಮೇಲೆ ಅದರ ಹೊಣೆಯೂ ಬೀಳುತ್ತದೆ. ಎರಡನ್ನೂ ಒಂದೇ ಎಂದು ಎಣಿಸುತ್ತಿದ್ದಾಗ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯಾದ ಐಯುಸಿಎನ್‌ನ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಆಫ್ರಿಕಾದ ಆನೆಯನ್ನು ಅಪಾಯದ ಕೆಳಹಂತದಲ್ಲಿ ಸೇರಿಸಲಾಗಿತ್ತು. 2021ರಲ್ಲಿ ಬೇರೆ ಮಾಡಿ ನೋಡಿದಾಗ, 31 ವರ್ಷಗಳಲ್ಲಿ ಕಾಡಾನೆಗಳ ಸಂಖ್ಯೆ ಶೇ. 86ಕ್ಕೂ ಹೆಚ್ಚು ಕುಸಿದಿರುವುದು ಸ್ಪಷ್ಟವಾಗಿ, ಅದು ತೀವ್ರ ಅಪಾಯದಲ್ಲಿರುವ ಪ್ರಾಣಿಗಳ ಸಾಲಿಗೆ ಸೇರಿತು.

ಆದ್ದರಿಂದ ನಮ್ಮ ಪತ್ರಿಕೆ ಮುಂದೆಯೂ ಎರಡು ಪ್ರಭೇದಗಳೆಂದೇ ಬರೆಯಲಿದೆ. ಯಾವ ಆಧಾರದ ಮೇಲೆ ಹಾಗೆ ಬರೆದೆವು, ಆ ಗೆರೆ ಎಲ್ಲಿ ಮಸುಕಾಗುತ್ತದೆ ಎಂಬುದನ್ನೂ ಜೊತೆಗೇ ಹೇಳಬೇಕಿತ್ತು. ಕಳೆದ ಬಾರಿ ಅದನ್ನು ಹೇಳದೆ ಬಿಟ್ಟದ್ದು ನಮ್ಮ ಲೋಪ.

– ಸಂಪಾದಕ