ಕಾಫಿ ತೋಟದಲ್ಲಿ ತೆಗೆದು ನೇರ ಯೂಟ್ಯೂಬ್‌ಗೆ ಬಿಟ್ಟ ನಮ್ಮ ಫೈಟ್ ಸಿನಿಮಾ ನೋಡಿದವರೆಲ್ಲ "ಏಟು ಬಿದ್ದ ಹಾಗೇ ಇಲ್ಲ" ಅಂತಾರೆ. ಎಲ್ಲಿ ತಪ್ಪಾಗಿದೆ?

ದುಡ್ಡು ಕಡಿಮೆ ಅಂತ ಯಾರೂ ಬೈಯಲ್ಲ. ಮುಷ್ಟಿಗೂ ಕೆನ್ನೆಗೂ ನಡುವಿನ ಗಾಳಿ ಕಂಡರೆ ಬೈತಾರೆ. ಹೊಡೆತವನ್ನು ಪಕ್ಕದಿಂದ ತೆಗೆಯಬೇಡಿ. ಏಟು ತಿನ್ನುವವನ ಹೆಗಲ ಹಿಂದೆ ಕ್ಯಾಮೆರಾ ಇಡಿ. ಮುಷ್ಟಿ ಅವನ ಮುಖದಿಂದ ಒಂದಡಿ ಆಚೆ ಅಡ್ಡ ಹಾಯಲಿ, ತಲೆ ಮರೆಯಾದ್ದರಿಂದ ಅಂತರ ಕಾಣಲ್ಲ. ದೂರ ನಿಂತು 85 ಎಂಎಂ ಲೆನ್ಸ್‌ನಲ್ಲಿ (ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್) ತೆಗೆದರೆ ಆ ಅಂತರ ಇನ್ನೂ ಕುಗ್ಗಿದ ಹಾಗೆ ಕಾಣುತ್ತದೆ. ಮುಷ್ಟಿ ಹಾದ ಕ್ಷಣಕ್ಕೇ ತಲೆ ತಿರುಗಬೇಕು. ತಡವಾದರೆ ಎಡಿಟಿಂಗ್‌ನಲ್ಲಿ ಎರಡು ಮೂರು ಫ್ರೇಮ್ (ವಿಡಿಯೊದ ಬಿಡಿ ಚಿತ್ರ) ಕತ್ತರಿಸಿ.

ಮೊಬೈಲಾದರೆ ಆಟೋ ಮೋಡ್ ಬಿಟ್ಟು, ಸೆಕೆಂಡಿಗೆ 25 ಫ್ರೇಮ್‌ಗೆ ಶಟರ್ (ಪ್ರತಿ ಫ್ರೇಮ್‌ಗೆ ಬೆಳಕು ಬಿಡುವ ಸಮಯ) 1/50 ಸೆಕೆಂಡ್ ಇಡಿ. ಸಿಲ್ವರ್ ಓಕ್ ನೆರಳಲ್ಲಿ ಬಿಸಿಲು ಚುಕ್ಕೆಚುಕ್ಕೆಯಾಗಿ ಬೀಳುವುದರಿಂದ ಆಟೋದಲ್ಲಿ ಮುಖ ಒಮ್ಮೆ ಬೆಳ್ಳಗೆ, ಒಮ್ಮೆ ಕಪ್ಪಗೆ ಕಾಣುತ್ತದೆ.

ಹೆಚ್ಚಿನವರು ಗಮನಿಸದ್ದು ಜೀರುಂಡೆ. ಪ್ರತಿ ಕಟ್‌ನಲ್ಲೂ ಅದರ ಸದ್ದು ಏರಿಳಿದು ಫೈಟ್ ತುಂಡುತುಂಡಾಗಿ ಕೇಳಿಸುತ್ತದೆ. ಎಲ್ಲರೂ ಸುಮ್ಮನಿದ್ದು ಒಂದು ನಿಮಿಷ ತೋಟದ ಸದ್ದನ್ನಷ್ಟೇ ರೆಕಾರ್ಡ್ ಮಾಡಿ, ಇಡೀ ದೃಶ್ಯದಡಿ ಹಾಸಿ. ಏಟಿನ ಶಬ್ದ ಬೇರೆಯಾಗಿ ಸೇರಿಸಿ. ಒದ್ದೆ ಗೋಣಿಚೀಲಕ್ಕೆ ಬಡಿದದ್ದು ಚೆನ್ನಾಗಿ ಕೂರುತ್ತದೆ.

ಇನ್ನೊಂದು: ಮನೆಯ ಕೋವಿ ತರಲೇಬೇಡಿ, ಖಾಲಿ ಇದ್ದರೂ. ಮರದ್ದು ಮಾಡಿಸಿ, ಕಪ್ಪು ಬಣ್ಣ ಬಳಿಯಿರಿ.