ಡಬ್ಬ ನಜ್ಜುಗುಜ್ಜು, ಒಳಗೆ ಗಲಗಲ: ಹಳೇ ಆಂಪ್ ಆನ್ ಮಾಡಬಹುದೇ?

ಪ್ರಶ್ನೆ: ಮುಂಬೈನವರೊಬ್ಬರಿಂದ ಆನ್‌ಲೈನ್‌ನಲ್ಲಿ ಹಳೇ ಸ್ಟೀರಿಯೊ ಆಂಪ್ಲಿಫೈಯರ್ ಕೊಂಡೆ. 14 ಕೆ.ಜಿ. ತೂಕ. ಡಬ್ಬದ ಒಂದು ಮೂಲೆ ಒಳಗೆ ಹೋಗಿತ್ತು, ಗಮನಿಸದೆ ಸಹಿ ಹಾಕಿಬಿಟ್ಟೆ. ಅಲುಗಿಸಿದರೆ ಏನೋ ಗಲಗಲ ಅನ್ನುತ್ತದೆ. ಮಾರಿದವರು ‘ಆನ್ ಮಾಡಿ, ಹಾಡಿದರೆ ಆಯ್ತಲ್ಲ’ ಅನ್ನುತ್ತಾರೆ. ಮಾಡಲೇ?
– ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಬೇಡ, ಪ್ಲಗ್ ಹಾಕಲೇಬೇಡಿ. ಸದ್ದು ಮಾಡುತ್ತಿರುವುದು ಬರೀ ಒಂದು ಸ್ಕ್ರೂ ಇರಬಹುದು. ಆದರೆ ಅದು ಬೋರ್ಡಿನ ಎರಡು ಟ್ರ್ಯಾಕ್‌ಗಳ (ತಾಮ್ರದ ಗೆರೆಗಳ) ನಡುವೆ ಬಿದ್ದಿದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಆಮೇಲೆ ‘ನೀವೇ ಸುಟ್ಟಿರಿ’ ಎಂಬ ಮಾತು ಬರುತ್ತದೆ.

ಡಬ್ಬದ ಆರೂ ಮಗ್ಗುಲು, ವಿಳಾಸದ ಚೀಟಿ, ಒಳಗಿನ ಪ್ಯಾಕಿಂಗ್ ಎಲ್ಲದರ ಫೋಟೊ ತೆಗೆದು ಇವತ್ತೇ ಮಾರಿದವರಿಗೂ ಕೊರಿಯರ್‌ಗೂ ಇಮೇಲ್ ಮಾಡಿ. ಸಹಿ ಹಾಕಿದ ಮಾತ್ರಕ್ಕೆ ದೂರು ಬಿದ್ದುಹೋಗುವುದಿಲ್ಲ, ತಡಮಾಡಿದರೆ ಬೀಳುತ್ತದೆ. ಡಬ್ಬವನ್ನು ರದ್ದಿಗೆ ಹಾಕಬೇಡಿ. ಕೊರಿಯರ್ ಬುಕ್ ಮಾಡಿದವರು ಮಾರಿದವರು, ಹಾಗಾಗಿ ಕ್ಲೇಮ್ ಹಾಕಬೇಕಾದವರೂ ಸಾಮಾನ್ಯವಾಗಿ ಅವರೇ. ಮೇಲ್ಮುಚ್ಚಳ ಬಿಚ್ಚುವ ಮುಂಚೆ ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಬಿಚ್ಚಿದ ಮೇಲೆ ಮೊದಲು ನೋಡಬೇಕಾದ್ದು ಟ್ರಾನ್ಸ್‌ಫಾರ್ಮರ್. ಇಂಥ ಆಂಪ್‌ನಲ್ಲಿ ತೂಕದ ದೊಡ್ಡ ಪಾಲು ಅದರದ್ದೇ, ನಿಂತಿರುವುದು ಮಾತ್ರ ತೆಳು ತಗಡಿನ ಮೇಲೆ. ಡಬ್ಬ ಮೂಲೆ ಊರಿ ಬಿದ್ದಾಗ ಪೆಟ್ಟಿಗೆ ನಿಂತರೂ ಟ್ರಾನ್ಸ್‌ಫಾರ್ಮರ್ ಮುಂದಕ್ಕೆ ನುಗ್ಗುತ್ತದೆ. ತಗಡು ಬಾಗುತ್ತದೆ, ವೈರ್ ಜಗ್ಗುತ್ತದೆ, ಬೋರ್ಡಿನ ಸೋಲ್ಡರ್ ಬಿರುಕು ಬಿಡುತ್ತದೆ. ದೊಡ್ಡ ಕೆಪಾಸಿಟರ್‌ಗಳ ಬುಡವನ್ನೂ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಪಕ್ಕದ ಟ್ರಾನ್ಸಿಸ್ಟರ್ ಕಾಲುಗಳನ್ನೂ ಭೂತಗನ್ನಡಿಯಲ್ಲಿ ನೋಡಿ. ಸೋಲ್ಡರ್ ಸುತ್ತ ಕಪ್ಪು ಉಂಗುರ ಕಂಡರೆ ಅದು ಬಿರುಕು. ಹೀಟ್‌ಸಿಂಕ್ ಸರಿದಿದ್ದರೆ ಟ್ರಾನ್ಸಿಸ್ಟರ್ ಕೆಳಗೆ ಕರೆಂಟ್ ತಡೆಯುವ ಮೈಕಾ ಹಾಳೆ ಹರಿದಿದೆಯೇ ಪರೀಕ್ಷಿಸಿ.

ಪ್ಲಗ್ ಹೊರಗಿದ್ದಂತೆಯೇ ಆಂಪ್‌ನ ಪವರ್ ಸ್ವಿಚ್ ಒತ್ತಿ, ಪ್ಲಗ್ಗಿನ ಫೇಸ್–ನ್ಯೂಟ್ರಲ್ ಪಿನ್‌ಗಳ ನಡುವೆ ಮಲ್ಟಿಮೀಟರ್ ಇಡಿ. ಮಾಮೂಲಿ ಟ್ರಾನ್ಸ್‌ಫಾರ್ಮರ್ ಆದರೆ ಕೆಲವೇ ಓಂ ತೋರಿಸಬೇಕು. ಇದೇ ಪಿನ್‌ಗಳಿಂದ ಪೆಟ್ಟಿಗೆಯ ತಗಡಿಗೆ ಮೀಟರ್ ಯಾವ ಸಂಪರ್ಕವನ್ನೂ ತೋರಿಸಬಾರದು. ಇಷ್ಟು ಸರಿಯಿದ್ದರೆ 100 ವಾಟ್‌ನ ಹಳೇ ಫಿಲಮೆಂಟ್ ಬಲ್ಬ್ ಇರುವ ಸೀರೀಸ್ ಬೋರ್ಡ್ (ಬಲ್ಬಿನ ಮೂಲಕವೇ ಕರೆಂಟ್ ಹಾಯಿಸುವ ಬೋರ್ಡ್) ಮೂಲಕ ಕರೆಂಟ್ ಕೊಡಿ, ಸ್ಪೀಕರ್ ಜೋಡಿಸಬೇಡಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರುವುದಿಲ್ಲ. ಬಲ್ಬ್ ಒಮ್ಮೆ ಉರಿದು ಮಂಕಾದರೆ ಒಳ್ಳೆಯದು. ಪೂರ್ತಿ ಉರಿಯುತ್ತಲೇ ಇದ್ದರೆ ಶಾರ್ಟ್ ಇದೆ, ಆಫ್ ಮಾಡಿ ರಿಪೇರಿಯವರಿಗೆ ಕೊಡಿ. ಬಲ್ಬ್ ಇರುವಾಗ ವೋಲ್ಟೇಜ್ ಇಳಿಯುವುದರಿಂದ ಸ್ಪೀಕರ್ ಜೋಡಿಸುವ ಒಳಗಿನ ಸ್ವಿಚ್ಚಾದ ರಿಲೇ ‘ಟಿಕ್’ ಅನ್ನದಿರಬಹುದು, ಅದನ್ನೇ ದೋಷ ಎಂದು ತಿಳಿಯಬೇಡಿ. ಬಳಿಕ ಸೀರೀಸ್ ಬೋರ್ಡ್ ತೆಗೆದು, ಆಂಪನ್ನು ನೇರವಾಗಿ ಮನೆಯ ಪ್ಲಗ್ಗಿಗೆ ಹಾಕಿ ಸ್ಪೀಕರ್ ಟರ್ಮಿನಲ್‌ಗಳ ಡಿಸಿ ವೋಲ್ಟೇಜ್ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಸ್ಪೀಕರ್ ಹಾಕಬಹುದು. ವೋಲ್ಟ್‌ಗಟ್ಟಲೆ ಬಂದರೆ ಸ್ಪೀಕರ್ ಕಾಯಿಲ್ ಸುಡುತ್ತದೆ. ಮತ್ತೆ ಕೈ ಹಾಕುವ ಮುಂಚೆ ಪ್ಲಗ್ ಕಿತ್ತು, ಕೆಪಾಸಿಟರ್ ತುದಿಗಳಿಗೆ 1 ಕಿಲೋ ಓಂ, 5 ವಾಟ್ ರೆಸಿಸ್ಟರನ್ನು ಒಂದು ನಿಮಿಷ ಹಿಡಿದು ವೋಲ್ಟೇಜ್ ಇಳಿದದ್ದನ್ನು ಮೀಟರಿನಲ್ಲಿ ನೋಡಿ. ಸ್ಕ್ರೂಡ್ರೈವರ್‌ನಿಂದ ಕಿಡಿ ಹಾರಿಸುವ ಚಾಳಿ ಬೇಡ.

ಪ್ರಶ್ನೆ: ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ಬಂದಿದೆ, ಎಡಗಡೆ ಸದ್ದಿಲ್ಲ. ತಟ್ಟೆಯನ್ನೂ ಕಳಚದೆ ಕಳಿಸಿದ್ದಾರೆ. ವಾಪಸ್ ಕಳಿಸಬೇಕಾದರೆ ಪ್ಯಾಕಿಂಗ್ ಹೇಗೆ?
– ಓದುಗರು, ಚಿತ್ರದುರ್ಗ

ಉತ್ತರ: ವಾಪಸ್ ಕಳಿಸುವ ಮುಂಚೆ ಒಂದು ಪರೀಕ್ಷೆ. ಆಂಪ್ ಆಫ್ ಮಾಡಿ ಕಾರ್ಟ್ರಿಜ್ (ತೋಳಿನ ತುದಿಯಲ್ಲಿ ಸೂಜಿ ಹಿಡಿದಿರುವ ಭಾಗ) ಹಿಂದಿನ ನಾಲ್ಕು ವೈರ್ ನೋಡಿ. ಬಿಳಿ, ನೀಲಿ ಎಡದವು. ಕೆಂಪು, ಹಸಿರು ಬಲದವು. ಈ ಜೋಡಿಗಳನ್ನು ಅದಲುಬದಲು ಮಾಡಿ. ಮೌನ ಬಲಕ್ಕೆ ಹೋದರೆ ಕಾರ್ಟ್ರಿಜ್ ಕೆಟ್ಟಿದೆ, ಎಡದಲ್ಲೇ ಉಳಿದರೆ ವೈರಿನದೋ ಆಂಪಿನದೋ ತಪ್ಪು. ಸೂಜಿಯ ಕಡ್ಡಿ ಬಾಗಿದ್ದರೆ ನೆಟ್ಟಗೆ ಮಾಡಲು ಹೋಗಬೇಡಿ, ಹೊಸ ಸೂಜಿಯೇ ದಾರಿ. ತಟ್ಟೆಯ ಕೆಳಗಿನ ಸ್ಪಿಂಡಲ್ ಬಾಗಿದ್ದರೆ ಮಾತ್ರ ಹಣ ವಾಪಸ್ ಕೇಳುವುದು ಜಾಣತನ.

ಪ್ಯಾಕಿಂಗಿಗೆ ತಟ್ಟೆ, ಬೆಲ್ಟ್, ಹಿಂಬದಿಯ ಭಾರದ ಗುಂಡು, ಹೆಡ್‌ಶೆಲ್ (ಕಾರ್ಟ್ರಿಜ್ ಕೂರುವ ತೋಳಿನ ತುದಿ) ಕಳಚಿ ಬೇರೆ ಸುತ್ತಿ. ತೋಳನ್ನು ಮೆತ್ತನೆ ದಾರದಿಂದ ಅದರ ಗೂಟಕ್ಕೇ ಕಟ್ಟಿ. ಡಬ್ಬದೊಳಗೆ ಇನ್ನೊಂದು ಡಬ್ಬ ಇಟ್ಟು, ನಡುವೆ ಎಲ್ಲ ಕಡೆ 5 ಸೆಂ.ಮೀ. ಗಟ್ಟಿ ಥರ್ಮೋಕೋಲ್ ಹಲಗೆ ಕೊಡಿ. ಥರ್ಮೋಕೋಲ್ ಗುಂಡುಗಳು ನಮ್ಮ ಮಂಡಕ್ಕಿ ಚೀಲದ ಹಾಗೆ: ನೋಡಲು ತುಂಬಿರುತ್ತದೆ, ಲಾರಿ ನಾಲ್ಕು ಸಲ ಕುಲುಕಿದರೆ ಭಾರದ ವಸ್ತು ತಳ ಸೇರುತ್ತದೆ.

ಪ್ರಶ್ನೆ: ಲಾರಿ ಪಾರ್ಸೆಲ್‌ನಲ್ಲಿ ಬಂದ ಸ್ಪೀಕರ್ ಒಡೆದಿದೆ. ಬಾಡಿಗೆ 400 ರೂ., ಮಾಲಿಗೆ ಕೊಟ್ಟದ್ದು 18,000. ಎಷ್ಟು ಸಿಗುತ್ತದೆ?
– ಓದುಗರು, ಹರಿಹರ

ಉತ್ತರ: ಎಲ್‌ಆರ್ ಚೀಟಿ (ಲಾರಿಯವರು ಬುಕ್ ಮಾಡಿದಾಗ ಕೊಟ್ಟ ರಸೀದಿ) ನೋಡಿ. ಒಡೆದರೆ ಹೆಚ್ಚು ಪರಿಹಾರ ಸಿಗುವಂತೆ ಬುಕ್ ಮಾಡುವಾಗಲೇ ಹೆಚ್ಚಿನ ದರ ಕಟ್ಟದಿದ್ದರೆ, 2007ರ ರಸ್ತೆ ಸಾಗಣೆ ಕಾಯ್ದೆ ಮತ್ತು ಅದರ ನಿಯಮಗಳಡಿ ಅವರ ಹೊಣೆ ಸಾಮಾನ್ಯವಾಗಿ ಬಾಡಿಗೆಯ 10 ಪಟ್ಟಿಗೆ ಸೀಮಿತ, ಅಂದರೆ 4,000 ರೂ. ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡಲೇಬೇಕು, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಇಲ್ಲವೇ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಿ; 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಆದರೆ ಮನೆಯ ಹಳೇ ಸಾಮಾನು ಮಾರಿದ ವ್ಯಕ್ತಿ ವ್ಯಾಪಾರಿಯಲ್ಲದಿದ್ದರೆ ಅವರ ಮೇಲೆ ಅಲ್ಲಿ ದೂರು ನಿಲ್ಲುವುದು ಕಷ್ಟ.